ರೆಕ್ಕೆಯನ್ನು ನಂಬದ ಸಾರಥಿ

ಫಾರ್ಮುಲಾ ಒನ್ ಮೋಟಾರು ಪಂದ್ಯಗಳ ಚರಿತ್ರೆಯಲ್ಲಿ, ಸತ್ತ ಮೇಲೆ ವಿಶ್ವವಿಜೇತನ ಪದವಿಯನ್ನು ಪಡೆದವನು ಒಬ್ಬನೇ ಒಬ್ಬನು. ಅವನ ಹೆಸರು ಯೋಖೆನ್ ರಿಂಟ್. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅವನು ತೀರಿಕೊಂಡಾಗ ಅವನಿಗೆ 28 ವರ್ಷ. ಆ ವರ್ಷದ ನಾಲ್ಕು ಪಂದ್ಯಗಳು ಇನ್ನೂ ಉಳಿದಿದ್ದವು. ಆದರೂ ಅವನು ಗಳಿಸಿಟ್ಟಿದ್ದ ಅಂಕಗಳನ್ನು ಯಾರೂ ದಾಟಲಾರದೆ ಹೋದರು. ಈ ಕಥೆಯನ್ನು ವಿಧಿಯ ಕ್ರೂರವಿನೋದವೆಂದು ಹೇಳುವುದು ವಾಡಿಕೆ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ಓಟದ ಕಾರಿನ ಹಿಂಬದಿಗೆ ರೆಕ್ಕೆ ಕಟ್ಟುವ ಪದ್ಧತಿ ಬೆಳೆದು ಬಲಿತ ಎರಡೇ ವರ್ಷಗಳಲ್ಲಿ, ಆ ರೆಕ್ಕೆಯ ಉಪಕಾರವನ್ನೂ ಅಪಕಾರವನ್ನೂ ರಿಂಟ್‌ನಷ್ಟು ಹತ್ತಿರದಿಂದ ಕಂಡವರು ಕಡಮೆ. ಅದು ಮುರಿದಾಗ ಸಾವಿನ ಬಾಗಿಲವರೆಗೆ ಹೋಗಿ ಬಂದನು. ಅದನ್ನು ಕಳಚಿಸಿ ಓಡುತ್ತಿದ್ದ ದಿನ ಸತ್ತನು. ಈ ಎರಡಕ್ಕೂ ಇರುವ ಸಂಬಂಧವೇನು ಎಂಬುದನ್ನು ಅವನ ಬಾಳಿನ ಕಥೆಯ ಮೂಲಕ ವಿಚಾರಿಸಬೇಕೆಂಬುದು ನನ್ನ ಉದ್ದೇಶ.

ರಿಂಟ್ ಹುಟ್ಟಿದ್ದು 1942ರ ಏಪ್ರಿಲ್ 18ರಂದು, ಜರ್ಮನಿಯ ಮೈಂಟ್ಸ್ ನಗರದಲ್ಲಿ. ತಂದೆ ಜರ್ಮನ್, ಸಾಂಬಾರ ಪದಾರ್ಥಗಳನ್ನು ಅರೆಯುವ ಗಿರಣಿಯ ಒಡೆಯ. ತಾಯಿ ಆಸ್ಟ್ರಿಯಾದ ಗ್ರಾಟ್ಸ್ ಊರಿನವಳು. ಮಗುವಿಗೆ ಹದಿನೈದು ತಿಂಗಳಾಗಿದ್ದಾಗ, 1943ರ ಜುಲೈಯಲ್ಲಿ, ಹ್ಯಾಂಬರ್ಗ್ ನಗರದ ಮೇಲೆ ಸುರಿದ ಬಾಂಬುಗಳಿಗೆ ತಂದೆತಾಯಿಗಳಿಬ್ಬರೂ ಬಲಿಯಾದರು. ತಾಯಿಯ ತವರಿನವರು ತಬ್ಬಲಿಯನ್ನು ಗ್ರಾಟ್ಸ್‌ಗೆ ಕರೆದುಕೊಂಡು ಹೋಗಿ ಸಾಕಿದರು. ಅಜ್ಜ ವಕೀಲ, ಮನೆಯಲ್ಲಿ ಅನುಕೂಲಕ್ಕೆ ಕೊರತೆಯಿರಲಿಲ್ಲ. ಹುಡುಗನು ಹಿಮದ ಮೇಲೆ ಜಾರುವ ಆಟದಲ್ಲಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡನು; ಒಂದು ಕಾಲು ಗಿಡ್ಡವಾಗಿ, ನಡಿಗೆಯಲ್ಲಿ ಸಣ್ಣ ಕುಂಟು ಉಳಿಯಿತು. ಕೊನೆಯವರೆಗೂ ಜರ್ಮನ್ ಪ್ರಜೆಯಾಗಿಯೇ ಇದ್ದರೂ ಪಂದ್ಯಗಳಲ್ಲಿ ಅವನು ಓಡಿಸಿದ್ದು ಆಸ್ಟ್ರಿಯಾದ ಪರವಾನಗಿಯ ಮೇಲೆ. ಆಸ್ಟ್ರಿಯಾದ ಜನ ಅವನನ್ನು ತಮ್ಮವನೆಂದೇ ಎಣಿಸಿದರು.

1964ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಪಥದಲ್ಲಿ ನಡೆದ ಫಾರ್ಮುಲಾ ಟೂ ಪಂದ್ಯದಲ್ಲಿ, ಹೆಸರೇ ಕೇಳದ ಈ ತರುಣನು ಮಾಜಿ ವಿಶ್ವವಿಜೇತ ಗ್ರಹಾಂ ಹಿಲ್‌ನನ್ನು ಸೋಲಿಸಿದನು. ಮರುವರ್ಷ ಅಮೆರಿಕದ ಮಾಸ್ಟೆನ್ ಗ್ರೆಗರಿಯೊಡನೆ ಫೆರಾರಿ ಕಾರಿನಲ್ಲಿ ಲ ಮಾನ್‌ನ ಇಪ್ಪತ್ತನಾಲ್ಕು ತಾಸಿನ ಪಂದ್ಯವನ್ನು ಗೆದ್ದನು. ಫಾರ್ಮುಲಾ ಟೂನಲ್ಲಿ ಅವನಿಗೆ ಎದುರಾಳಿಗಳೇ ಇಲ್ಲವೆಂಬಂತಾಯಿತು. ಆದರೆ ಫಾರ್ಮುಲಾ ಒನ್‌ನಲ್ಲಿ ಅವನ ಕೈಗೆ ಸಿಕ್ಕ ಕಾರುಗಳು ಅವನ ಕೈಚಳಕಕ್ಕೆ ಸಾಟಿಯಾಗಿರಲಿಲ್ಲ. ಕೂಪರ್ ತಂಡದಲ್ಲಿ ಮೂರು ವರ್ಷ, ಬ್ರಾಬಮ್ ತಂಡದಲ್ಲಿ ಒಂದು ವರ್ಷ ಕಳೆದರೂ ಒಂದು ಗೆಲುವೂ ಬರಲಿಲ್ಲ.

ಅವನು ಬ್ರಾಬಮ್ ತಂಡದಲ್ಲಿದ್ದ 1968ರಲ್ಲಿಯೇ ರೆಕ್ಕೆಯು ಈ ಪಂದ್ಯಗಳನ್ನು ಪ್ರವೇಶಿಸಿತು. ಇದರ ತತ್ತ್ವವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಾರು ತಿರುವಿನಲ್ಲಿ ಜಾರದೆ ನಿಲ್ಲುವುದು ಟೈರು ನೆಲವನ್ನು ಹಿಡಿಯುವುದರಿಂದ. ಟೈರನ್ನು ನೆಲಕ್ಕೆ ಎಷ್ಟು ಒತ್ತಿದರೆ ಹಿಡಿತ ಅಷ್ಟು ಹೆಚ್ಚು. ಭಾರವನ್ನು ಹೇರಿ ಒತ್ತಬಹುದು. ಆದರೆ ಭಾರವಾದ ಕಾರು ನಿಧಾನವಾಗುತ್ತದೆ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಕಾರಿನ ಮೇಲೆ ಕಟ್ಟಿದರೆ, ವಿಮಾನವನ್ನು ಮೇಲೆತ್ತುವ ಗಾಳಿಯೇ ಕಾರನ್ನು ಕೆಳಕ್ಕೆ ಒತ್ತುತ್ತದೆ. ಭಾರವಿಲ್ಲದೆಯೇ ಭಾರದ ಫಲ ದೊರೆತಂತಾಯಿತು. ಆದರೆ ಈ ವರಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು, ರೆಕ್ಕೆಯು ಗಾಳಿಗೆ ಅಡ್ಡವಾಗಿ ನೇರ ದಾರಿಯಲ್ಲಿ ಕಾರಿನ ವೇಗವನ್ನು ತಗ್ಗಿಸುತ್ತದೆ. ಎರಡನೆಯದು, ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಿಧಾನವಾಗಿ ಹೋಗುವಾಗ ಒಡವೆಯಂತೆ ಸುಮ್ಮನಿರುವ ವಸ್ತು, ವೇಗದಲ್ಲಿ ತನ್ನನ್ನು ಹೊತ್ತ ಕಂಬಗಳ ಮೇಲೆ ದೊಡ್ಡ ಹೊರೆಯಾಗುತ್ತದೆ.

ಈ ಆಲೋಚನೆ ಹೊಸದೇನೂ ಅಲ್ಲ. 1928ರಲ್ಲಿ ಫ್ರಿಟ್ಸ್ ಫಾನ್ ಓಪೆಲ್ ಬರ್ಲಿನ್ನಿನಲ್ಲಿ ಓಡಿಸಿದ ರಾಕೆಟ್ ಕಾರಿನ ಎರಡು ಪಕ್ಕಗಳಲ್ಲಿಯೂ ಇಂಥ ರೆಕ್ಕೆಗಳಿದ್ದವು. 1956ರಲ್ಲಿ ಮಿಖಾಯೆಲ್ ಮೇ ಎಂಬ ತರುಣ ಎಂಜಿನಿಯರು ತನ್ನ ಪೋರ್ಷೆ ಕಾರಿಗೆ ತಾನೇ ರೆಕ್ಕೆ ಕಟ್ಟಿಕೊಂಡು ನ್ಯೂರ್ಬರ್ಗ್‌ರಿಂಗ್ ಪಥಕ್ಕೆ ಬಂದನು. ಪಂದ್ಯದ ಅಧಿಕಾರಿಗಳು ಅದನ್ನು ತೆಗೆಸಿದರು. ಹತ್ತು ವರ್ಷಗಳ ಅನಂತರ, 1966ರಲ್ಲಿ, ಅಮೆರಿಕದ ಜಿಮ್ ಹಾಲ್ ತನ್ನ ಚಾಪರಾಲ್ ಎಂಬ ಸ್ಪೋರ್ಟ್ಸ್ ಕಾರಿಗೆ ಎತ್ತರವಾದ ರೆಕ್ಕೆಯನ್ನು ನಿಲ್ಲಿಸಿ ಅದರ ಶಕ್ತಿಯನ್ನು ಲೋಕಕ್ಕೆ ತೋರಿಸಿದನು. ಆತನು ಕಂಬಗಳನ್ನು ಕಾರಿನ ಒಡಲಿಗೆ ಬಿಗಿಯಲಿಲ್ಲ. ಹಿಂದಿನ ಗಾಲಿಗಳ ಗುಂಬಕ್ಕೇ ನೇರವಾಗಿ ಸೇರಿಸಿದನು. ಹಾಗೆ ಮಾಡಿದರೆ ಒತ್ತಡವು ಸ್ಪ್ರಿಂಗುಗಳನ್ನು ಅದುಮದೆ ನೇರವಾಗಿ ಟೈರಿಗೆ ತಲಪುತ್ತದೆ. ಯುಕ್ತಿ ಸೊಗಸಾದದ್ದು. ಆದರೆ ರಸ್ತೆಯ ಒಂದೊಂದು ಉಬ್ಬಿನ ಪೆಟ್ಟೂ ಗಾಲಿಯಿಂದ ಕಂಬಕ್ಕೆ, ಕಂಬದಿಂದ ರೆಕ್ಕೆಗೆ ಏರುತ್ತದೆ ಎಂಬುದನ್ನು ಮರೆಯುವಂತಿರಲಿಲ್ಲ.

1968ರ ಜೂನ್‌ನಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ ಫೆರಾರಿ ಮತ್ತು ಬ್ರಾಬಮ್ ಕಾರುಗಳು ಕಂಬದ ಮೇಲೆ ರೆಕ್ಕೆ ಹೊತ್ತು ಬಂದವು. ಕೆಲವೇ ವಾರಗಳಲ್ಲಿ ಉಳಿದ ತಂಡಗಳೂ ಅದೇ ದಾರಿ ಹಿಡಿದವು. ಎಲ್ಲರಿಗಿಂತ ಮುಂದೆ ಹೋದವನು ಲೋಟಸ್ ಕಾರುಗಳ ನಿರ್ಮಾಪಕ ಕಾಲಿನ್ ಚಾಪ್‌ಮನ್. ಆತನು ಅಸಾಧಾರಣ ಪ್ರತಿಭಾವಂತ. ಹಗುರವೇ ಆತನ ಆರಾಧ್ಯದೈವ. ಎತ್ತರವಾದ, ತೆಳುವಾದ ಕಂಬಗಳ ಮೇಲೆ ಅಗಲವಾದ ರೆಕ್ಕೆ. ಕಂಬಗಳ ಬುಡ ಗಾಲಿಗಳ ಬಳಿ. 1969ರಲ್ಲಿ ರಿಂಟ್ ಈ ತಂಡವನ್ನು ಸೇರಿದನು. ಲೋಟಸ್ ವೇಗವಾದ ಕಾರೆಂಬುದೂ ಮುರಿಯುವ ಕಾರೆಂಬುದೂ ಅವನಿಗೆ ತಿಳಿದಿತ್ತು. ಗೆಲ್ಲಬೇಕೆಂಬ ಆಸೆ, ಬದುಕಬೇಕೆಂಬ ಆಸೆ ಎರಡನ್ನೂ ಒಂದೇ ಆಸನದಲ್ಲಿ ಕೂರಿಸಿಕೊಂಡು ಅವನು ಆ ಕಾರನ್ನು ಏರಿದನು.

ಪರೀಕ್ಷೆಯ ದಿನ ಬೇಗನೆ ಬಂತು. 1969ರ ಮೇ 4ರಂದು ಬಾರ್ಸಿಲೋನಾ ನಗರದ ಮೊಂಜುಯಿಕ್ ಉದ್ಯಾನದ ರಸ್ತೆಗಳಲ್ಲಿ ಸ್ಪೇನಿನ ಗ್ರ್ಯಾನ್ ಪ್ರಿ. ರಿಂಟ್ ಮೊದಲ ಸಾಲಿನ ಮೊದಲ ಸ್ಥಾನದಲ್ಲಿದ್ದನು. ಆ ಪಥದಲ್ಲಿ ಒಂದು ದಿಬ್ಬವಿತ್ತು. ದಿಬ್ಬವನ್ನು ದಾಟುವಾಗ ಕಾರು ಹಗುರಾಗಿ ಮೇಲೇಳುವುದು, ಮರುಕ್ಷಣ ರಸ್ತೆಗೆ ಬಂದಿಳಿಯುವುದು. ರೆಕ್ಕೆಯ ಮೇಲೆ ಸೆಳೆತವೂ ಒತ್ತಡವೂ ಒಂದರ ಹಿಂದೊಂದು ಬೀಳುವುದು. ಮೊದಲು ಅದೇ ತಂಡದ ಗ್ರಹಾಂ ಹಿಲ್‌ನ ಕಾರಿನ ರೆಕ್ಕೆ ಅಲ್ಲಿ ಕುಸಿಯಿತು. ಕಾರು ತಡೆಬೇಲಿಗೆ ಹೋಗಿ ಬಿದ್ದಿತು. ಹಿಲ್ ಹೆಚ್ಚಿನ ಗಾಯವಿಲ್ಲದೆ ಹೊರಬಂದನು. ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ರಿಂಟ್‌ನ ರೆಕ್ಕೆಯೂ ಅದೇ ಸ್ಥಳದಲ್ಲಿ ಅದೇ ರೀತಿ ಮುರಿಯಿತು. ಅವನ ಕಾರು ಹಿಡಿತ ತಪ್ಪಿ, ಅಲ್ಲಿಯೇ ಬಿದ್ದಿದ್ದ ಹಿಲ್‌ನ ಕಾರಿಗೆ ಅಪ್ಪಳಿಸಿ ಮಗುಚಿತು. ಮುಖದ ಮೂಳೆ ಮುರಿದು ತಲೆಗೆ ಪೆಟ್ಟು ಬಿದ್ದರೂ ಜೀವ ಉಳಿಯಿತು.

ಗುಣಮುಖನಾಗುತ್ತಿದ್ದಾಗ ರಿಂಟ್ ಎರಡು ಕಾಗದಗಳನ್ನು ಬರೆದನು. ನನ್ನ ದೃಷ್ಟಿಯಲ್ಲಿ ಇವು ಅವನ ಗೆಲುವುಗಳಿಗಿಂತ ಹೆಚ್ಚಿನವು. ಒಂದು ಚಾಪ್‌ಮನ್‌ಗೆ. ಕಾರುಗಳು ಈಗಲೇ ಸಾಕಷ್ಟು ವೇಗವಾಗಿವೆ. ದುರ್ಬಲವಾದ ಭಾಗಗಳನ್ನು ಬಲಪಡಿಸಲು ಕೆಲವು ಪೌಂಡು ತೂಕವನ್ನು ಸೇರಿಸಿದರೂ ಗೆಲ್ಲಬಹುದು. ತನಗೆ ನಂಬಿಕೆಯಿರುವ ಕಾರನ್ನು ಮಾತ್ರ ತಾನು ಓಡಿಸಬಲ್ಲೆ ಎಂಬುದು ಅದರ ಸಾರಾಂಶ. ಇನ್ನೊಂದು ಪತ್ರಿಕೆಗಳ ಮೂಲಕ ಜನಕ್ಕೆ ಬರೆದ ಬಹಿರಂಗಪತ್ರ. ರೆಕ್ಕೆಗಳು ಚಾಲಕರಿಗೂ ನೋಡುಗರಿಗೂ ಅಪಾಯಕರ, ಅವನ್ನು ಸಂಪೂರ್ಣವಾಗಿ ನಿಷೇಧಿಸಬೇಕು ಎಂದು ಅದರಲ್ಲಿ ವಾದಿಸಿದನು. ಸಂಬಳ ಕೊಡುವ ಯಜಮಾನನ ಕೈಕೆಲಸವನ್ನು ಹೀಗೆ ಬಯಲಿನಲ್ಲಿ ಟೀಕಿಸುವುದು ಸಣ್ಣ ಸಾಹಸವಲ್ಲ. ಚಾಪ್‌ಮನ್‌ಗೆ ಅದು ರುಚಿಸಲಿಲ್ಲ.

ಎರಡು ವಾರಗಳಲ್ಲಿ ಮೊನಾಕೊ ಪಂದ್ಯ ಬಂತು. ರಿಂಟ್ ಇನ್ನೂ ಅಲ್ಲಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಮೊದಲ ದಿನದ ಅಭ್ಯಾಸ ಮುಗಿಯುತ್ತಿದ್ದಂತೆ ಅಂತರರಾಷ್ಟ್ರೀಯ ಅಧಿಕಾರಿಗಳು ರೆಕ್ಕೆಗಳನ್ನು ನಿಷೇಧಿಸಿಬಿಟ್ಟರು. ಆದರೆ ಕೆಲವೇ ವಾರಗಳಲ್ಲಿ ನಿಯಮಕ್ಕೆ ಒಳಪಟ್ಟು ರೆಕ್ಕೆ ಹಿಂತಿರುಗಿತು: ಎತ್ತರಕ್ಕೆ ಮಿತಿ, ಅಲುಗಾಡದಂತೆ ಕಾರಿನ ಒಡಲಿಗೇ ಬಿಗಿಯಬೇಕು, ಗಾಲಿಯ ಗುಂಬಕ್ಕೆ ಸೇರಿಸುವಂತಿಲ್ಲ. ರಿಂಟ್ ಕೇಳಿದ್ದು ಪೂರ್ತಿ ನಿಷೇಧ, ದೊರೆತದ್ದು ಅಂಕುಶ. ಚರಿತ್ರೆಯನ್ನು ನೋಡಿದರೆ ಅಂಕುಶವೇ ಸರಿಯಾದ ತೀರ್ಮಾನವಾಗಿತ್ತೆಂದು ನನಗೆ ತೋರುತ್ತದೆ. ಆದರೆ ಅವನು ಅಷ್ಟು ಗಟ್ಟಿಯಾಗಿ ಕೂಗದಿದ್ದರೆ ಅಷ್ಟಾದರೂ ಬರುತ್ತಿತ್ತೋ ಇಲ್ಲವೋ.

ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಅವನ ಮೊದಲ ಗೆಲುವು ಬಂತು. 1970ರಲ್ಲಿ ಚಾಪ್‌ಮನ್ ಹೊಸದೊಂದು ಕಾರನ್ನು ತಂದನು: ಲೋಟಸ್ 72. ಬೆಣೆಯಂಥ ಮೂತಿ, ಪಕ್ಕಗಳಲ್ಲಿ ರೇಡಿಯೇಟರುಗಳು, ಹಿಂದೆ ಮೂರು ಹಂತದ ರೆಕ್ಕೆ. ಮುಂದಿನ ಬ್ರೇಕುಗಳು ಗಾಲಿಯಲ್ಲಿರದೆ ಒಡಲ ಒಳಗಿದ್ದವು. ಅವನ್ನು ಗಾಲಿಗೆ ಸೇರಿಸುತ್ತಿದ್ದುದು ಒಂದೊಂದು ದಂಡ. ರೆಕ್ಕೆಯನ್ನು ನಂಬದವನೇ ಈ ಕಾರಿನಲ್ಲಿ ಹಾಲೆಂಡ್, ಫ್ರಾನ್ಸ್, ಬ್ರಿಟನ್, ಜರ್ಮನಿ ಎಂದು ಒಂದರ ಮೇಲೊಂದು ನಾಲ್ಕು ಪಂದ್ಯಗಳನ್ನು ಗೆದ್ದನು. ಅದಕ್ಕೆ ಮುಂಚೆ ಮೇ ತಿಂಗಳಲ್ಲಿ ಹಳೆಯ ಲೋಟಸ್‌ನಲ್ಲಿಯೇ ಮೊನಾಕೊವನ್ನು ಗೆದ್ದಾಗಿತ್ತು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮುಂದಿದ್ದ ಜ್ಯಾಕ್ ಬ್ರಾಬಮ್ ಜಾರಿದನು. ಬೆನ್ನು ಬಿಡದೆ ಬಂದ ರಿಂಟ್ ದಾಟಿಹೋದನು.

ಆದರೆ ಅದು ಸಂತೋಷದ ವರ್ಷವಾಗಿರಲಿಲ್ಲ. ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಬ್ರೂಸ್ ಮೆಕ್ಲಾರೆನ್ ತನ್ನ ಸ್ಪೋರ್ಟ್ಸ್ ಕಾರನ್ನು ಪರೀಕ್ಷಿಸುತ್ತಿದ್ದಾಗ, ರೆಕ್ಕೆಯನ್ನು ಹೊತ್ತಿದ್ದ ಹಿಂಬದಿಯ ಮೈಹೊದಿಕೆಯೇ ವೇಗದಲ್ಲಿ ಕಳಚಿ, ಕಾರು ಹಿಡಿತ ತಪ್ಪಿ, ಅವನು ಸತ್ತನು. ಜೂನ್ 21ರಂದು ಹಾಲೆಂಡಿನಲ್ಲಿ ರಿಂಟ್ ಗೆದ್ದ ಪಂದ್ಯದಲ್ಲಿಯೇ ಅವನ ಆಪ್ತಮಿತ್ರ ಪಿಯರ್ಸ್ ಕರೇಜ್ ಬೆಂಕಿಗೆ ಆಹುತಿಯಾದನು. ಆ ದಿನ ವಿಜಯಪೀಠದ ಮೇಲೆ ನಿಂತ ರಿಂಟ್‌ನ ಮುಖದಲ್ಲಿ ನಗುವಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮೊಂಜಾ. ಉದ್ದುದ್ದನೆಯ ನೇರ ದಾರಿಗಳ ಪಥ ಅದು. ಫೆರಾರಿ ಕಾರುಗಳ ಎಂಜಿನ್ ಬಲವಾದದ್ದು. ಅವುಗಳಿಗೆ ಸಮನಾಗಿ ಓಡಬೇಕಾದರೆ ಗಾಳಿಯ ತಡೆಯನ್ನು ಕಡಮೆ ಮಾಡಬೇಕು. ಅದಕ್ಕಾಗಿ ರಿಂಟ್‌ನ ಕಾರಿನ ರೆಕ್ಕೆಗಳನ್ನು ಕಳಚಲಾಯಿತು. ಅದೇ ತಂಡದ ಜಾನ್ ಮೈಲ್ಸ್, ರೆಕ್ಕೆಯಿಲ್ಲದ ಕಾರು ನೆಟ್ಟಗೆ ಓಡುವುದಿಲ್ಲವೆಂದು ಆಕ್ಷೇಪಿಸಿದನು. ರಿಂಟ್‌ಗೆ ಅಂಥ ತೊಂದರೆ ಕಾಣಲಿಲ್ಲ. ನೇರ ದಾರಿಯಲ್ಲಿ ಎಂಜಿನ್ ಹೆಚ್ಚು ಸುತ್ತು ತಿರುಗುತ್ತಿದ್ದುದು ಅವನಿಗೆ ಮೆಚ್ಚಿಕೆಯಾಯಿತು. ಶನಿವಾರದ ಅಭ್ಯಾಸದಲ್ಲಿ ಪಾರಾಬೋಲಿಕಾ ಎಂಬ ತಿರುವಿಗೆ ಬ್ರೇಕು ಹಾಕುವಾಗ ಕಾರು ತಟಕ್ಕನೆ ಎಡಕ್ಕೆ ತಿರುಗಿ ತಡೆಬೇಲಿಗೆ ಬಡಿಯಿತು. ಬೆಂಕಿ ಬಿದ್ದರೆ ಬೇಗ ಹೊರಬರಬೇಕೆಂದು ರಿಂಟ್ ತೊಡೆಗಳ ನಡುವಣ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿರಲಿಲ್ಲ. ಪೆಟ್ಟಿನ ರಭಸಕ್ಕೆ ಅವನ ದೇಹ ಕೆಳಕ್ಕೆ ಜಾರಿ ಉಳಿದ ಪಟ್ಟಿಗಳು ಕುತ್ತಿಗೆಗೆ ಬಂದವು. ಮಿಲಾನ್ ಆಸ್ಪತ್ರೆಯ ದಾರಿಯಲ್ಲಿ ಪ್ರಾಣ ಹೋಯಿತು.

ರೆಕ್ಕೆ ಬೇಡವೆಂದವನನ್ನು ರೆಕ್ಕೆಯಿಲ್ಲದಿರುವಿಕೆಯೇ ಕೊಂದಿತು ಎಂದು ಹೇಳಿದರೆ ಕಥೆ ಅಚ್ಚುಕಟ್ಟಾಗುತ್ತದೆ. ಆದರೆ ಅದು ನಿಜವಲ್ಲ. ಇಟಲಿಯ ನ್ಯಾಯಾಲಯವು ವಿಚಾರಿಸಿ ಕಂಡುಕೊಂಡದ್ದು ಬೇರೆ: ಮುಂದಿನ ಬಲಗಾಲಿಯ ಬ್ರೇಕಿನ ದಂಡ ಮುರಿದು ಅಪಘಾತ ಆರಂಭವಾಯಿತು; ಸಾವಿಗೆ ಕಾರಣ, ಸರಿಯಾಗಿ ನೆಡದಿದ್ದ ತಡೆಬೇಲಿ. ರೆಕ್ಕೆ ಕಳಚಿದ್ದರಿಂದ ಕಾರು ಆ ತಿರುವಿಗೆ ಹೆಚ್ಚು ವೇಗದಿಂದ ಬಂದಿತ್ತು ಎಂಬುದನ್ನು ಮಾತ್ರ ಒಪ್ಪಬಹುದು. ರಿಂಟ್‌ನ ನಿಜವಾದ ತಕರಾರು ರೆಕ್ಕೆಯ ಮೇಲೆ ಅಷ್ಟಾಗಿ ಇರಲಿಲ್ಲ, ಬಲವಿಲ್ಲದ ಭಾಗಗಳ ಮೇಲೆ ಇತ್ತು ಎಂಬುದು ಚಾಪ್‌ಮನ್‌ಗೆ ಬರೆದ ಕಾಗದದಿಂದ ಸ್ಪಷ್ಟವಾಗುತ್ತದೆ. ಮೊಂಜುಯಿಕ್‌ನಲ್ಲಿ ಆ ಭಾಗ ರೆಕ್ಕೆಯಾಗಿತ್ತು. ಮೊಂಜಾದಲ್ಲಿ ಬ್ರೇಕಿನ ದಂಡವಾಯಿತು.

ಅಕ್ಟೋಬರ್ 4ರಂದು ವಾಟ್ಕಿನ್ಸ್ ಗ್ಲೆನ್‌ನಲ್ಲಿ ಲೋಟಸ್‌ನ ಎಮರ್ಸನ್ ಫಿಟಿಪಾಲ್ಡಿ ಗೆದ್ದು, ಫೆರಾರಿಯ ಜ್ಯಾಕಿ ಇಕ್ಸ್ ನಾಲ್ಕನೆಯವನಾದಾಗ, ರಿಂಟ್‌ನ 45 ಅಂಕಗಳು ಭದ್ರವಾದವು. ಪ್ಯಾರಿಸ್ಸಿನಲ್ಲಿ ಆ ಪ್ರಶಸ್ತಿಯನ್ನು ಸ್ವೀಕರಿಸಿದವಳು ಅವನ ಹೆಂಡತಿ ನೀನಾ. ಮಗಳಿಗೆ ಆಗ ಎರಡು ವರ್ಷ. ರಿಂಟ್‌ನ ಸಮಾಧಿ ಅವನನ್ನು ಸಾಕಿದ ಗ್ರಾಟ್ಸ್ ಊರಿನಲ್ಲಿದೆ.

ಅವನು ಬಿಟ್ಟುಹೋದ ಇನ್ನೊಂದು ಆಸ್ತಿಯ ಮಾತನ್ನು ಹೇಳಿ ಮುಗಿಸುತ್ತೇನೆ. 1965ರಲ್ಲಿ ಅವನು ವಿಯೆನ್ನಾದಲ್ಲಿ ಓಟದ ಕಾರುಗಳ ಪ್ರದರ್ಶನವೊಂದನ್ನು ಏರ್ಪಡಿಸಿದನು. ಅದು ಜರ್ಮನಿಯ ಎಸ್ಸೆನ್ ನಗರಕ್ಕೆ ಸ್ಥಳಾಂತರಗೊಂಡು, ಎಸ್ಸೆನ್ ಮೋಟಾರ್ ಷೋ ಎಂಬ ದೊಡ್ಡ ಜಾತ್ರೆಯಾಗಿ ಬೆಳೆಯಿತು. ಕೊಂಡ ಕಾರನ್ನು ತಮ್ಮ ಮನಸ್ಸಿಗೆ ಬಂದಂತೆ ಮಾರ್ಪಡಿಸುವವರಿಗೆ ಅದು ತೀರ್ಥಕ್ಷೇತ್ರ; ಡಿಕ್ಕಿಯ ಮೇಲೆ ಬಿಗಿಯುವ ಹಿಂಬದಿಯ ರೆಕ್ಕೆಗಳು ಅಲ್ಲಿನ ನಿತ್ಯದ ಸರಕು. ಈ ವ್ಯಾಪಾರದಲ್ಲಿ ವಿವೇಕವೂ ಉಂಟು, ಬೆಡಗೂ ಉಂಟು. 1972ರಲ್ಲಿ ಪೋರ್ಷೆಯವರು ತಮ್ಮ ಕರೆರಾ ಕಾರಿಗೆ ಬಾತುಕೋಳಿಯ ಬಾಲದಂಥ ಏರನ್ನು ಇಟ್ಟದ್ದು ಹಿಂಬದಿ ಮೇಲೇಳುವುದನ್ನು ತಗ್ಗಿಸುವ ಲೆಕ್ಕಾಚಾರದಿಂದ. 1973ರಲ್ಲಿ ಬಿಎಂಡಬ್ಲ್ಯು ತನ್ನ ಹಗುರವಾದ ಸಿಎಸ್‌ಎಲ್ ಕಾರಿನ ರೆಕ್ಕೆಯನ್ನು ಬಿಗಿಯದೆ ಡಿಕ್ಕಿಯೊಳಗಿಟ್ಟು ಮಾರಿತು. ಜರ್ಮನಿಯ ರಸ್ತೆಯ ಕಾನೂನು ಅದನ್ನು ಒಪ್ಪುತ್ತಿರಲಿಲ್ಲ. ಅಂಗಡಿಯಿಂದ ತಂದು ತೆಳುವಾದ ಮುಚ್ಚಳಕ್ಕೆ ಎರಡು ಬೋಲ್ಟು ಹಾಕಿ ಬಿಗಿಯುವ ರೆಕ್ಕೆಯಾದರೋ, ಊರೊಳಗಿನ ವೇಗದಲ್ಲಿ ನಿಷ್ಪ್ರಯೋಜಕ. ಹೆದ್ದಾರಿಯ ವೇಗದಲ್ಲಿ ಅದು ನಿಜವಾಗಿ ಕೆಲಸ ಮಾಡತೊಡಗಿದರೆ ಹಿಂಬದಿಯನ್ನು ಮಾತ್ರ ಒತ್ತಿ, ಸನ್ನೆಯ ಹಾಗೆ ಮುಂಬದಿಯನ್ನು ಹಗುರ ಮಾಡೀತು. ಆಗ ತಿರುಗಬೇಕಾದ ಗಾಲಿಗಳಿಗೇ ಹಿಡಿತ ಕಡಮೆ.

ಕಾರು ಒಂದು ಕುಟುಂಬದಂತೆ. ಒಬ್ಬರ ಹೊರೆ ಬದಲಾದರೆ ಎಲ್ಲರ ಹೊರೆಯೂ ಬದಲಾಗುತ್ತದೆ. ರೆಕ್ಕೆಯನ್ನು ಕಟ್ಟುವವನೂ ಕಳಚುವವನೂ ಇದನ್ನು ಮೊದಲು ಎಣಿಸಬೇಕು. ಎಸ್ಸೆನ್ನಿನ ಆ ಜಾತ್ರೆಯಲ್ಲಿ ಹೊಳೆಯುವ ರೆಕ್ಕೆಯ ಬೆಲೆಯನ್ನು ಕೇಳುವ ತರುಣರಲ್ಲಿ ಎಷ್ಟು ಮಂದಿ, ಅದನ್ನು ಹೊರುವ ಕಂಬ ಎಷ್ಟು ಗಟ್ಟಿ, ಆ ಕಂಬದ ಬುಡ ಎಲ್ಲಿ ಎಂದು ಕೇಳುತ್ತಾರೋ ನಾನರಿಯೆ. ಆ ಪ್ರದರ್ಶನವನ್ನು ಆರಂಭಿಸಿದವನು 1969ರ ಮೇ ತಿಂಗಳಲ್ಲಿ, ಮುರಿದ ಮುಖದ ಗಾಯ ಇನ್ನೂ ಮಾಯದಿದ್ದಾಗ, ಆ ಪ್ರಶ್ನೆಯನ್ನೇ ಕೇಳಿದ್ದನು.