ಪವಿತ್ರ ನಾಮದ ಪ್ರಬೋಧಕ: ಸಿಯೇನಾದ ಸಂತ ಬರ್ನಾರ್ದಿನರು

ದೇವರು ಮೋಶೆಯ ಮೂಲಕ ದಯಪಾಲಿಸಿದ ಹತ್ತು ಕಟ್ಟಳೆಗಳಲ್ಲಿ ಎರಡನೆಯದು ದೇವರ ನಾಮಕ್ಕೆ ಸಂಬಂಧಿಸಿದ್ದು. ಕೊಲೆ, ಕಳವು, ಸುಳ್ಳುಸಾಕ್ಷಿಗಳನ್ನು ನಿಷೇಧಿಸುವ ಕಟ್ಟಳೆಗಳಿಗಿಂತಲೂ ಮೊದಲೇ ಅದಕ್ಕೆ ಸ್ಥಾನ ದೊರೆತಿದೆ. ಆದರೂ ಪಾಪನಿವೇದನೆಗೆ ಸಿದ್ಧರಾಗುವಾಗ ಬಹುಮಂದಿ ಬೇಗನೆ ದಾಟಿಹೋಗುವ ಕಟ್ಟಳೆಯೂ ಅದೇ. ಆ ನಾಮದ ಗೌರವಕ್ಕಾಗಿ ತಮ್ಮ ಆಯುಷ್ಯವನ್ನೇ ಸವೆಸಿ, ಅದರಿಂದಲೇ ಪಾಷಂಡಿಯೆಂಬ ಆರೋಪಕ್ಕೂ ಗುರಿಯಾದ ಒಬ್ಬ ಮಹನೀಯರ ಜೀವನವನ್ನು ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಬರ್ನಾರ್ದಿನರು ಇಟಲಿ ದೇಶದ ಮಾಸ್ಸಾ ಮಾರಿತ್ತಿಮ ಎಂಬ ಪಟ್ಟಣದಲ್ಲಿ 1380ನೆಯ ಇಸವಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಸಿಯೇನಾ ನಗರದ ಕುಲೀನ ಮನೆತನವೊಂದರಲ್ಲಿ ಜನಿಸಿದರು. ಏಳು ವರ್ಷ ತುಂಬುವ ಮೊದಲೇ ತಾಯಿತಂದೆಯರಿಬ್ಬರನ್ನೂ ಕಳೆದುಕೊಂಡ ಬಾಲಕನನ್ನು ಭಕ್ತಿವಂತರಾದ ಅತ್ತೆ, ಚಿಕ್ಕಮ್ಮಂದಿರು ಸಾಕಿ ಬೆಳೆಸಿದರು. ಬಾಲ್ಯದಿಂದಲೂ ಆತನಿಗೆ ಹೊಲಸು ಮಾತು ಸಹಿಸದು; ಕೇಳಿದೊಡನೆ ಮುಖ ಕೆಂಪೇರುತ್ತಿತ್ತು. ಆತ ಬರುವುದನ್ನು ಕಂಡು ಸಹಪಾಠಿಗಳು ಅಂತಹ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ.

1400ರಲ್ಲಿ ಸಿಯೇನಾ ನಗರಕ್ಕೆ ಪ್ಲೇಗು ಮಾರಿ ಬಡಿಯಿತು. ನಗರದ ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳನ್ನು ಶುಶ್ರೂಷೆ ಮಾಡುವವರೇ ಇಲ್ಲದಂತಾದಾಗ, ಇಪ್ಪತ್ತರ ತರುಣ ಬರ್ನಾರ್ದಿನರು ಕೆಲವು ಗೆಳೆಯರೊಡನೆ ಅಲ್ಲಿಗೆ ಧಾವಿಸಿ ಸುಮಾರು ನಾಲ್ಕು ತಿಂಗಳ ಕಾಲ ಹಗಲಿರುಳು ದುಡಿದರು. ಸಾಯುವವರ ತುಟಿಗಳ ಮೇಲೆ ಕೊನೆಯದಾಗಿ ಉಳಿಯುವ ಹೆಸರು ಯಾವುದೆಂಬುದನ್ನು ಅವರು ಅಲ್ಲಿ ನಿತ್ಯವೂ ಕಂಡಿರಬೇಕು. 1402ರಲ್ಲಿ ಅವರು ಸಂತ ಫ್ರಾನ್ಸಿಸರ ಸಭೆಯನ್ನು ಸೇರಿ, 1404ರಲ್ಲಿ ಗುರುಪಟ್ಟವನ್ನು ಪಡೆದರು.

ಮೊದಲಿನ ವರ್ಷಗಳಲ್ಲಿ ಅವರು ಪ್ರಸಿದ್ಧ ಪ್ರಬೋಧಕರಾಗಿರಲಿಲ್ಲ. ಕಂಠ ಒಡಕಾಗಿತ್ತು, ಧ್ವನಿ ಕ್ಷೀಣವಾಗಿತ್ತು. ಪ್ರಾರ್ಥನೆಯ ಫಲವಾಗಿ ಆ ಕೊರತೆ ನೀಗಿತೆಂಬುದು ಪರಂಪರೆಯ ನಂಬಿಕೆ. 1417ರಿಂದೀಚೆಗೆ ಅವರು ಇಟಲಿಯ ಊರೂರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಾ ಬೋಧಿಸಿದರು. ದೇವಾಲಯಗಳು ಜನರಿಗೆ ಸಾಲದೆ ಪೇಟೆಯ ಚೌಕಗಳಲ್ಲಿಯೇ ಪೀಠವನ್ನು ನಿಲ್ಲಿಸಬೇಕಾಯಿತು. 1427ರಲ್ಲಿ ಸಿಯೇನಾದ ಚೌಕದಲ್ಲಿ ಅವರು ಮಾಡಿದ 45 ಪ್ರಬೋಧನೆಗಳನ್ನು ಬಟ್ಟೆಯ ಕಸುಬಿನವನೊಬ್ಬನು ಮೇಣದ ಹಲಗೆಗಳ ಮೇಲೆ ಬರೆದುಕೊಂಡು ಉಳಿಸಿದ್ದಾನೆ. ಮನೆವಾರ್ತೆ, ವ್ಯಾಪಾರ, ಸಾಲಸೋಲ, ಹರಟೆ, ಚಾಡಿ, ಹೀಗೆ ಜನರ ನಿತ್ಯಜೀವನವೇ ಅವರ ಬೋಧನೆಯ ವಸ್ತುವಾಗಿತ್ತು.

ಆ ಕಾಲದ ಇಟಲಿಯಲ್ಲಿ ದೇವದೂಷಣೆ ಸಾಮಾನ್ಯ ಚಟವಾಗಿತ್ತು. ಜೂಜಿನಲ್ಲಿ ಸೋತವನು ದೇವರ ಹೆಸರೆತ್ತಿ ಬೈಯುವನು. ಗೆದ್ದವನು ಅದೇ ಹೆಸರೆತ್ತಿ ಕೇಕೆ ಹಾಕುವನು. ವ್ಯಾಪಾರಿ ಅದರ ಮೇಲೆ ಆಣೆಯಿಟ್ಟು ತೂಕ ತಪ್ಪಿಸುವನು. ಬರ್ನಾರ್ದಿನರ ಬೋಧನೆಯ ಪ್ರಭಾವದಿಂದ ಪೆರೂಜಾ ನಗರವು 1425ರಲ್ಲಿ ದೇವದೂಷಣೆ, ಜೂಜು ಮುಂತಾದವುಗಳ ವಿರುದ್ಧ ಶಾಸನಗಳನ್ನೇ ರಚಿಸಿತು. ಆದರೆ ಶಾಸನದಿಂದ ಬಾಯಿ ಮುಚ್ಚಿಸಬಹುದೇ ಹೊರತು ಹೃದಯವನ್ನು ತುಂಬಲಾಗದೆಂಬುದನ್ನು ಸಂತರು ಅರಿತಿದ್ದರು. ಆದುದರಿಂದ ಅವರು ಒಂದು ಹಲಗೆಯನ್ನು ಮಾಡಿಸಿದರು. ನೀಲಿಯ ಹಿನ್ನೆಲೆಯಲ್ಲಿ ಚಿನ್ನದ ಸೂರ್ಯ. ಅದರ ನಡುವೆ ಗ್ರೀಕ್ ಭಾಷೆಯ ಯೇಸುನಾಮದ ಮೊದಲ ಮೂರು ಅಕ್ಷರಗಳಿಂದ ಬಂದ ಐ ಎಚ್ ಎಸ್ ಎಂಬ ಗುರುತು. ಪ್ರಬೋಧನೆಯ ಕೊನೆಗೆ ಅದನ್ನು ಎತ್ತಿ ತೋರಿದಾಗ ಸಾವಿರಾರು ಜನರು ಮೊಣಕಾಲೂರುತ್ತಿದ್ದರು. ಹಗೆತನದ ಪಂಗಡಚಿಹ್ನೆಗಳನ್ನು ಅಳಿಸಿ ಮನೆಬಾಗಿಲುಗಳ ಮೇಲೆ ಈ ಗುರುತನ್ನು ಬರೆಯಿಸಿದವರು ಅನೇಕರು. ಬೊಲೋನ್ಯ ನಗರದಲ್ಲಿ ಇಸ್ಪೀಟು ತಯಾರಿಸುತ್ತಿದ್ದವನೊಬ್ಬನು ಜನರು ಜೂಜು ಬಿಟ್ಟದ್ದರಿಂದ ತನ್ನ ಅನ್ನವೇ ಹೋಯಿತೆಂದು ಗೋಳಾಡಿದಾಗ, ಪವಿತ್ರ ನಾಮದ ಈ ಹಲಗೆಗಳನ್ನೇ ತಯಾರಿಸೆಂದು ಸಂತರು ಹೇಳಿಕೊಟ್ಟರೆಂದೂ ಅದರಿಂದ ಅವನ ಜೀವನ ಹಸನಾಯಿತೆಂದೂ ಪ್ರತೀತಿಯಿದೆ.

ಆದರೆ ಈ ಹಲಗೆಯೇ ಅವರಿಗೆ ಮುಳ್ಳಾಯಿತು. ಅಕ್ಷರಗಳನ್ನು ಪೂಜಿಸಲು ಕಲಿಸುತ್ತಾ ಹೊಸ ವಿಗ್ರಹಾರಾಧನೆಯನ್ನು ಹರಡುತ್ತಿದ್ದಾರೆಂದು ಕೆಲವು ಪಂಡಿತರು ದೂರಿತ್ತರು. 1426ರಲ್ಲಿ ಅವರು ರೋಮಾಪುರಿಯಲ್ಲಿ ಜಗದ್ಗುರು ಐದನೆಯ ಮಾರ್ಟಿನರ ಮುಂದೆ ವಿಚಾರಣೆಗೆ ನಿಲ್ಲಬೇಕಾಯಿತು. ಅವರ ಪರವಾಗಿ ವಾದಿಸಿದವರು ಸಭೆಯ ಸಹೋದರರೂ ಮುಂದೆ ಸಂತಪದವಿಗೇರಿದವರೂ ಆದ ಕಪಿಸ್ತ್ರಾನೊ ಯೊವಾನ್ನರು. ಬಣ್ಣಕ್ಕಾಗಲಿ ಮರದ ತುಂಡಿಗಾಗಲಿ ಅಲ್ಲ, ಆ ನಾಮವನ್ನು ಧರಿಸಿದಾತನಿಗೇ ಆರಾಧನೆ ಸಲ್ಲುತ್ತದೆಂಬುದು ಸ್ಪಷ್ಟವಾಯಿತು. ಬರ್ನಾರ್ದಿನರು ನಿರ್ದೋಷಿಯೆಂದು ಘೋಷಿತರಾದರು. ರೋಮಿನಲ್ಲಿಯೇ ಬೋಧಿಸುವಂತೆ ಜಗದ್ಗುರುಗಳು ಅವರನ್ನು ನಿಯಮಿಸಿದರು. ಮೂರು ಧರ್ಮಪ್ರಾಂತ್ಯಗಳ ಅಧ್ಯಕ್ಷಪದವಿ ಒಂದರ ಹಿಂದೊಂದು ಒದಗಿಬಂದರೂ ಅವರು ಒಪ್ಪಲಿಲ್ಲ. 1444ರ ಮೇ 20ರಂದು, ಪ್ರಬೋಧನೆಯ ಪ್ರಯಾಣದಲ್ಲಿಯೇ, ಆಕ್ವಿಲ ನಗರದಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಆರೇ ವರ್ಷಗಳಲ್ಲಿ, 1450ರಲ್ಲಿ, ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಸಂತರ ಮಾತೆಲ್ಲವೂ ನಮಗೆ ಮಾದರಿಯೆಂದು ಹೇಳುವುದು ಸತ್ಯವಾಗದು. ಯೆಹೂದ್ಯರನ್ನೂ ಇತರ ಕೆಲವರನ್ನೂ ಕುರಿತು ಅವರಾಡಿದ ಕಟುನುಡಿಗಳು ಇಂದಿನ ಧರ್ಮಸಭೆಗೆ ಒಪ್ಪತಕ್ಕವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೇರೆ ದಾರಿಯನ್ನು ತೋರಿದೆ. ದೇವರ ನಾಮವನ್ನು ಗೌರವಿಸುವ ನಾಲಗೆ ದೇವರ ಪ್ರತಿರೂಪನಾದ ಮನುಷ್ಯನನ್ನೂ ಗೌರವಿಸಬೇಕೆಂಬುದು ನಾವು ಇದರಿಂದ ಕಲಿಯಬೇಕಾದ ಪಾಠ.

ಸಂತರು ಎತ್ತಿಹಿಡಿದ ಆ ನಾಮ ಅವರೊಡನೆ ಮರೆಯಾಗಲಿಲ್ಲ. ಯೇಸುಸಭೆಯವರು ಅದೇ ಮೂರಕ್ಷರಗಳನ್ನು ತಮ್ಮ ಮುದ್ರೆಯಾಗಿಸಿಕೊಂಡರು. ಆ ಸಭೆಯ ಲಿಯೊನಾರ್ದೊ ಚಿನ್ನಾಮಿ ಸ್ವಾಮಿಯವರು 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕ್ರಿಸ್ತನ ನಾಮವನ್ನು ಸಾರಿದರು. 1721ರಲ್ಲಿ ಯೇಸುವಿನ ಪವಿತ್ರ ನಾಮದ ಹಬ್ಬ ಇಡೀ ಧರ್ಮಸಭೆಗೆ ವಿಸ್ತರಿಸಿತು. 1969ರಲ್ಲಿ ಪಂಚಾಂಗದಿಂದ ಬಿಟ್ಟುಹೋದುದು 2002ರಲ್ಲಿ ಮರಳಿ ಸೇರಿ, ಈಗ ಜನವರಿ 3ರಂದು ಆಚರಿಸಲ್ಪಡುತ್ತಿದೆ. ಪರಮಪ್ರಸಾದದ ಆಶೀರ್ವಾದದ ತರುವಾಯ ನಾವು ಹೇಳುವ ದಿವ್ಯಸ್ತುತಿಗಳನ್ನು ಸಹ ದೇವದೂಷಣೆಗೆ ಪರಿಹಾರವಾಗಿ 1797ರಲ್ಲಿ ಲುಯಿಜಿ ಫೆಲಿಚಿ ಎಂಬ ಗುರುಗಳು ರಚಿಸಿದರೆಂಬುದು ಅನೇಕರಿಗೆ ತಿಳಿಯದು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ರಾಜೀವನಗರದ ಬೀದಿಗಳಲ್ಲಿ ಮುಸಲ್ಮಾನರು, ಹಿಂದೂಗಳು, ಕ್ರೈಸ್ತರು ನೆರೆಹೊರೆಯವರಾಗಿ ಬಾಳುತ್ತಿದ್ದಾರೆ. ದಣಿದು ಕುಳಿತಾಗ ಒಬ್ಬರು ಅಲ್ಲಾಹನನ್ನು ಕರೆಯುತ್ತಾರೆ, ಇನ್ನೊಬ್ಬರು ಶಿವನನ್ನೋ ರಾಮನನ್ನೋ ನೆನೆಯುತ್ತಾರೆ. ನಮ್ಮ ಹಿರಿಯರು ಯೇಸು, ಮರಿಯ, ಜೋಸೆಫರನ್ನು ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರು. ಇದು ತಪ್ಪಲ್ಲ. ರೋಗಿಯ ಮಂಚದ ಬಳಿ ತಾಯಿ ಯೇಸುವೇ ಎಂದು ನರಳಿದರೆ ಅದು ಚುಟುಕಾದ, ಆದರೆ ಪೂರ್ಣವಾದ ಪ್ರಾರ್ಥನೆ. ಅದೇ ನಾಮವನ್ನು ಕ್ರಿಕೆಟ್ ಆಟದ ವಿಕೆಟ್ಟು ಬಿದ್ದಾಗ, ಬಸ್ಸು ತಪ್ಪಿದಾಗ, ಸಾರು ಉಕ್ಕಿದಾಗ ಅರ್ಥವಿಲ್ಲದ ಉದ್ಗಾರವಾಗಿ ಎಸೆಯುವುದು ಬೇರೆ. ಸಿನಿಮಾದಿಂದ ಕಲಿತ ಓ ಮೈ ಗಾಡ್, ಜೀಸಸ್ ಎಂಬ ಮಾತುಗಳು ಇಂದು ಮಕ್ಕಳ ಬಾಯಲ್ಲಿ ಪೂರ್ಣವಿರಾಮದಂತಾಗಿವೆ. ಮೊಬೈಲಿನಲ್ಲಿ ದೇವರ ಹೆಸರು ಒಂದೇ ಅಕ್ಷರಕ್ಕೆ ಇಳಿದಿದೆ. ವ್ಯಾಪಾರದ ಮಾತಿನಲ್ಲಿ ದೇವರಾಣೆ ಎಂಬುದು ಅಗ್ಗವಾಗಿದೆ.

ತಿರಸ್ಕಾರದಿಂದಾಡುವ ದೇವದೂಷಣೆ, ಸುಳ್ಳು ಆಣೆ, ಯೋಚನೆಯಿಲ್ಲದ ಉದ್ಗಾರ, ಇವೆಲ್ಲವೂ ಒಂದೇ ತೂಕದವಲ್ಲವೆಂದು ಧರ್ಮಸಭೆ ಬಲ್ಲದು. ಅಭ್ಯಾಸಬಲದಿಂದ ಬಾಯಿತಪ್ಪಿದವರನ್ನು ಅದು ದೇವದೂಷಕರೆಂದು ಜರೆಯುವುದಿಲ್ಲ. ಆದರೆ ನಿತ್ಯವೂ ಬರಿಯ ಸದ್ದಾಗಿ ಬಳಸಿದ ನಾಮವು ಸಂಕಟದ ಗಳಿಗೆಯಲ್ಲಿ ನಮ್ಮ ಬಾಯಿಗೆ ಸದ್ದಾಗಿಯೇ ಬರಬಹುದು. ಹಾನಿಯಾಗುವುದು ದೇವರಿಗಲ್ಲ, ನಮಗೆ. ಮಗುವನ್ನು ಗದರಿಸಿದ ಮಾತ್ರಕ್ಕೆ ಈ ಚಟ ಹೋಗದು. ಬರ್ನಾರ್ದಿನರಂತೆ ಆ ನಾಮವನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು. ಸಂಜೆಯ ಜಪಸರದಲ್ಲಿ, ನಮೋ ಮರಿಯ ಪ್ರಾರ್ಥನೆಯ ನಡುವೆ ಯೇಸುನಾಮ ಬಂದಾಗ, ಒಂದು ಕ್ಷಣ ತಲೆಬಾಗುವ ಹಳೆಯ ರೂಢಿಯನ್ನು ಹಿರಿಯರು ಮತ್ತೆ ತರಲಿ. ಮಕ್ಕಳು ನೋಡಿ ಕಲಿಯುತ್ತಾರೆ.

ನೂರು ವರ್ಷಗಳಿಂದ ನಮ್ಮ ದೇವಾಲಯದ ಗಂಟೆ ಯಾರ ನಾಮದಲ್ಲಿ ಕೂಡಿಬರಲು ಕರೆಯುತ್ತಿದೆಯೋ, ಆ ನಾಮ ನಮ್ಮ ನಾಲಗೆಯ ಮೇಲೆ ಎಂದೆಂದಿಗೂ ಪ್ರಾರ್ಥನೆಯಾಗಿಯೇ ಉಳಿಯಲಿ. ಸಿಯೇನಾದ ಸಂತ ಬರ್ನಾರ್ದಿನರೇ, ನಮಗಾಗಿ ಪ್ರಾರ್ಥಿಸಿರಿ.