ಕುಷ್ಠರೋಗದ ಮೂಲವನ್ನು ಕಂಡ ಹ್ಯಾನ್ಸನ್

ಮನುಷ್ಯನ ಮೈಯನ್ನು ಹೊದ್ದಿರುವ ಚರ್ಮವು ಕೇವಲ ಹೊದಿಕೆಯಲ್ಲ. ಅದು ಸದಾ ಎಚ್ಚತ್ತಿರುವ ಕಾವಲುಗಾರ. ಬೆಂಕಿಯ ಬಿಸಿಯನ್ನೂ ಮುಳ್ಳಿನ ಮೊನೆಯನ್ನೂ ನೀರಿನ ತಂಪನ್ನೂ ಅದು ಕ್ಷಣಮಾತ್ರದಲ್ಲಿ ಮಿದುಳಿಗೆ ಅರುಹುತ್ತದೆ. ಈ ಕಾವಲುಗಾರನ ಬಾಯನ್ನೇ ಕಟ್ಟಿಬಿಡುವ ರೋಗವೊಂದುಂಟು, ಅದೇ ಕುಷ್ಠ. ಈ ರೋಗ ತಗುಲಿದ ಜಾಗದಲ್ಲಿ ಸ್ಪರ್ಶಜ್ಞಾನ ಅಳಿಯುತ್ತದೆ. ಸುಟ್ಟರೂ ಕೊಯ್ದರೂ ತಿಳಿಯದೆ ಗಾಯಗಳು ಬೆಳೆದು, ಕೈಕಾಲುಗಳು ವಿಕಾರಗೊಳ್ಳುತ್ತವೆ. ಸಾವಿರಾರು ವರ್ಷಗಳ ಕಾಲ ಜನರು ಇದನ್ನು ಪಾಪದ ಫಲವೆಂದೋ ದೈವದ ಶಾಪವೆಂದೋ ನಂಬಿ, ರೋಗಿಗಳನ್ನು ಊರಿನಿಂದ ಹೊರಗಟ್ಟುತ್ತಿದ್ದರು. ಅದು ಶಾಪವಲ್ಲ, ಕಣ್ಣಿಗೆ ಕಾಣದ ಜೀವಾಣುವಿನ ಕೆಲಸವೆಂದು ಜಗತ್ತಿಗೆ ತೋರಿಸಿಕೊಟ್ಟವರು ಗೆರ್ಹಾರ್ಡ್ ಅರ್ಮೌವರ್ ಹ್ಯಾನ್ಸನ್.

ಹ್ಯಾನ್ಸನ್ನರು 1841ರ ಜುಲೈ 29ರಂದು ನಾರ್ವೆ ದೇಶದ ಬರ್ಗನ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ಅವರ ತಂದೆ ವ್ಯಾಪಾರಿ. ಹದಿನೈದು ಮಂದಿ ಮಕ್ಕಳ ತುಂಬು ಸಂಸಾರ. ವ್ಯಾಪಾರದಲ್ಲಿ ನಷ್ಟವುಂಟಾಗಿ ಮನೆತನಕ್ಕೆ ಬಡತನ ಬಂದುದರಿಂದ ಹ್ಯಾನ್ಸನ್ನರು ದುಡಿಯುತ್ತಲೇ ವಿದ್ಯಾಭ್ಯಾಸವನ್ನು ಮುಂದುವರಿಸಬೇಕಾಯಿತು. ಇಂದು ಓಸ್ಲೊ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯಾ ನಗರದಲ್ಲಿ ಓದಿ 1866ರಲ್ಲಿ ಅವರು ವೈದ್ಯರಾದರು. ಕೆಲಕಾಲ ಲೋಫೋಟೆನ್ ದ್ವೀಪಗಳ ಬೆಸ್ತರ ನಡುವೆ ಸೇವೆ ಸಲ್ಲಿಸಿ, 1868ರಲ್ಲಿ ತಮ್ಮ ಹುಟ್ಟೂರಿಗೆ ಮರಳಿದರು.

ಆ ಕಾಲದಲ್ಲಿ ನಾರ್ವೆಯ ಪಶ್ಚಿಮ ಕರಾವಳಿಯು ಕುಷ್ಠರೋಗದಿಂದ ಕಂಗೆಟ್ಟಿತ್ತು. 1856ರಲ್ಲಿ ಅಲ್ಲಿನ ಸರ್ಕಾರವು ರೋಗಿಗಳ ಹೆಸರುಗಳನ್ನು ದಾಖಲಿಸತೊಡಗಿದಾಗ ಅವರ ಸಂಖ್ಯೆ 2,500ನ್ನೂ ಮೀರಿತ್ತು. ಬರ್ಗನ್ ಪಟ್ಟಣವೊಂದರಲ್ಲೇ ಹಲವು ಕುಷ್ಠ ಚಿಕಿತ್ಸಾಲಯಗಳಿದ್ದವು. ಅಲ್ಲಿನ ಹಿರಿಯ ವೈದ್ಯರಾದ ಡೇನಿಯಲ್‌ಸನ್ನರು ಈ ರೋಗವನ್ನು ಕುರಿತು ಜಗತ್ತಿನಲ್ಲೇ ಅತ್ಯಂತ ಹೆಚ್ಚು ಬಲ್ಲವರೆಂದು ಹೆಸರಾಗಿದ್ದರು. ಕುಷ್ಠವು ತಂದೆತಾಯಿಗಳಿಂದ ಮಕ್ಕಳಿಗೆ ರಕ್ತಗತವಾಗಿ ಬರುತ್ತದೆಂಬುದು ಅವರ ದೃಢವಾದ ನಂಬಿಕೆ. ಇದು ಅಂಟುರೋಗವಲ್ಲವೆಂದು ಸಾಬೀತುಪಡಿಸಲು ಅವರು ರೋಗಿಗಳ ಗಂಟಿನ ರಸವನ್ನು ತಮ್ಮ ಮೈಗೇ ಚುಚ್ಚಿಕೊಂಡಿದ್ದರು, ರೋಗ ಬಂದಿರಲಿಲ್ಲ.

ಈ ಹಿರಿಯರ ಕೈಕೆಳಗೆ ಸಹಾಯಕರಾಗಿ ಸೇರಿದ ಹ್ಯಾನ್ಸನ್ನರಿಗೆ ಆ ವಾದ ಒಪ್ಪಿಗೆಯಾಗಲಿಲ್ಲ. ಹಳ್ಳಿಹಳ್ಳಿಗೆ ಹೋಗಿ ರೋಗಿಗಳ ಕುಟುಂಬಗಳನ್ನು ವಿಚಾರಿಸಿ ನೋಡಿದಾಗ, ರೋಗವು ವಂಶವನ್ನು ಅನುಸರಿಸದೆ ಒಡನಾಟವನ್ನು ಅನುಸರಿಸುತ್ತಿರುವುದು ಅವರಿಗೆ ಕಂಡಿತು. ಒಂದೇ ಮನೆಯಲ್ಲಿ ಬಹುಕಾಲ ಕೂಡಿ ಬಾಳುವವರಲ್ಲಿ ರೋಗ ಹರಡುವುದರಿಂದ ಅದು ಆನುವಂಶಿಕವೆಂದು ತೋರುತ್ತದೆಯೇ ಹೊರತು ನಿಜವಾಗಿ ಹಾಗಲ್ಲವೆಂದು ಅವರು ತರ್ಕಿಸಿದರು. ಹೀಗೆ ತರ್ಕಿಸುವುದು ಸುಲಭದ ಮಾತಾಗಿರಲಿಲ್ಲ. 1873ರ ಆರಂಭದಲ್ಲಿ ಅವರು ವಿವಾಹವಾದುದು ಡೇನಿಯಲ್‌ಸನ್ನರ ಮಗಳನ್ನೇ. ಗುರುವೂ ಮಾವನೂ ಆದವರ ಜೀವಮಾನದ ನಂಬಿಕೆಯನ್ನು ಅಳಿಯನೇ ಅಲ್ಲಗಳೆಯಬೇಕಾಗಿತ್ತು. ಆದರೂ ಡೇನಿಯಲ್‌ಸನ್ನರು ಅಳಿಯನ ಸಂಶೋಧನೆಗೆ ಅಡ್ಡಿ ಮಾಡಲಿಲ್ಲವೆಂಬುದು ಅವರ ದೊಡ್ಡತನ.

1873ರಲ್ಲಿ ಹ್ಯಾನ್ಸನ್ನರು ರೋಗಿಗಳ ಚರ್ಮದ ಗಂಟುಗಳಿಂದ ತೆಗೆದ ದ್ರವವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಿದ್ದಾಗ ಕಡ್ಡಿಯಂತಹ ಸಣ್ಣ ಆಕೃತಿಗಳನ್ನು ಕಂಡರು. ಮನುಷ್ಯನ ದೀರ್ಘಕಾಲದ ರೋಗವೊಂದಕ್ಕೆ ಜೀವಾಣು ಕಾರಣವೆಂದು ಗುರುತಿಸಿದ ಮೊದಲ ಸಂದರ್ಭಗಳಲ್ಲಿ ಇದೊಂದು. ಕ್ಷಯದ ಜೀವಾಣುವನ್ನು ರಾಬರ್ಟ್ ಕಾಕ್ ಪ್ರಕಟಿಸಿದ್ದು 9 ವರ್ಷಗಳ ಅನಂತರ, 1882ರಲ್ಲಿ. ಹ್ಯಾನ್ಸನ್ನರ ಪಾಲಿಗೆ 1873 ದುಃಖದ ವರ್ಷವೂ ಆಯಿತು. ಮದುವೆಯಾದ ಕೆಲವೇ ತಿಂಗಳುಗಳಲ್ಲಿ ಅವರ ಪತ್ನಿ ಕ್ಷಯರೋಗದಿಂದ ತೀರಿಕೊಂಡರು.

ಕಂಡದ್ದನ್ನು ಸಿದ್ಧಪಡಿಸಿ ತೋರಿಸುವುದು ಕಷ್ಟವಾಗಿತ್ತು. ಆ ಜೀವಾಣುವಿಗೆ ಬಣ್ಣ ಚೆನ್ನಾಗಿ ಹಿಡಿಯುತ್ತಿರಲಿಲ್ಲ. ಪ್ರಯೋಗಶಾಲೆಯ ಪಾತ್ರೆಗಳಲ್ಲಿ ಅದು ಬೆಳೆಯುತ್ತಲೂ ಇರಲಿಲ್ಲ. 1879ರಲ್ಲಿ ಬರ್ಗನ್ನಿಗೆ ಬಂದ ಜರ್ಮನಿಯ ತರುಣ ವೈದ್ಯ ಆಲ್ಬರ್ಟ್ ನೈಸರ್ ಹ್ಯಾನ್ಸನ್ನರಿಂದ ಮಾದರಿಗಳನ್ನು ಪಡೆದು, ತಾಯ್ನಾಡಿಗೆ ಮರಳಿ ಅವಕ್ಕೆ ಬಣ್ಣ ಹಿಡಿಸುವುದರಲ್ಲಿ ಸಫಲನಾದನು. ಶೋಧನೆ ತನ್ನದೆಂದೂ ಪ್ರಕಟಿಸಿದನು. ಹ್ಯಾನ್ಸನ್ನರು ತಮ್ಮ ಹಿಂದಿನ ಬರಹಗಳ ಆಧಾರದಿಂದ ಮೊದಲಿಗತನವನ್ನು ಸ್ಥಾಪಿಸಿಕೊಳ್ಳಬೇಕಾಯಿತು.

ರೋಗ ಅಂಟುತ್ತದೆಂಬುದನ್ನು ತೋರಿಸುವ ಆತುರದಲ್ಲಿ ಹ್ಯಾನ್ಸನ್ನರು ಒಂದು ದೊಡ್ಡ ತಪ್ಪನ್ನೂ ಮಾಡಿದರು. 1879ರಲ್ಲಿ ಆಸ್ಪತ್ರೆಯ ಒಬ್ಬ ರೋಗಿಣಿಯ ಕಣ್ಣಿಗೆ, ಆಕೆಯ ಒಪ್ಪಿಗೆ ಪಡೆಯದೆ, ಬೇರೊಬ್ಬ ರೋಗಿಯ ಗಂಟಿನ ದ್ರವವನ್ನು ತಗುಲಿಸಿದರು. ಹೊಸ ರೋಗವೇನೂ ತಲೆದೋರಲಿಲ್ಲ. ಆದರೆ ಆಕೆಯ ದೂರು ನ್ಯಾಯಾಲಯವನ್ನು ಮುಟ್ಟಿತು. 1880ರಲ್ಲಿ ನ್ಯಾಯಾಲಯವು ಹ್ಯಾನ್ಸನ್ನರನ್ನು ತಪ್ಪಿತಸ್ಥರೆಂದು ನಿರ್ಣಯಿಸಿ, ಆಸ್ಪತ್ರೆಯ ಹುದ್ದೆಯಿಂದ ತೆಗೆದುಹಾಕಿತು. ಬಡ ರೋಗಿಯ ಮೈಯೂ ಅವಳದೇ, ಅದರ ಮೇಲೆ ಎಷ್ಟು ದೊಡ್ಡ ವಿದ್ವಾಂಸನಿಗೂ ಅಧಿಕಾರವಿಲ್ಲವೆಂಬ ತತ್ತ್ವವನ್ನು ಈ ತೀರ್ಪು ಎತ್ತಿಹಿಡಿಯಿತು. ಹ್ಯಾನ್ಸನ್ನರ ಹಿರಿಮೆಯನ್ನು ನೆನೆಯುವವರು ಈ ಪಾಠವನ್ನೂ ಮರೆಯಬಾರದು.

ಆದರೂ ಕುಷ್ಠರೋಗ ನಿಯಂತ್ರಣದ ಮುಖ್ಯ ವೈದ್ಯಾಧಿಕಾರಿಯ ಸ್ಥಾನ ಅವರಲ್ಲೇ ಉಳಿಯಿತು. ಅವರ ಸಲಹೆಯಂತೆ 1877ರಲ್ಲಿಯೂ 1885ರಲ್ಲಿಯೂ ನಾರ್ವೆಯಲ್ಲಿ ಕಾನೂನುಗಳಾದವು. ಅವುಗಳ ಪ್ರಕಾರ ರೋಗಿಗಳು ಮನೆಯಲ್ಲಿಯೇ ಪ್ರತ್ಯೇಕ ಕೋಣೆಯಲ್ಲಿರಬೇಕಾಗಿತ್ತು, ಇಲ್ಲವೇ ಆಸ್ಪತ್ರೆಯನ್ನು ಸೇರಬೇಕಾಗಿತ್ತು. ಔಷಧಿಯಿಲ್ಲದ ಆ ದಿನಗಳಲ್ಲಿ ಇದು ಅನೇಕ ಕುಟುಂಬಗಳಿಗೆ ಅಗಲಿಕೆಯ ನೋವನ್ನು ತಂದಿತು. ಜನರ ಜೀವನಮಟ್ಟವೂ ಸುಧಾರಿಸುತ್ತ ಬಂದುದರಿಂದ 20ನೆಯ ಶತಮಾನದ ಆರಂಭದ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 600ಕ್ಕೆ ಇಳಿಯಿತು. 1909ರಲ್ಲಿ ಬರ್ಗನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನಕ್ಕೆ ಹ್ಯಾನ್ಸನ್ನರೇ ಅಧ್ಯಕ್ಷರಾಗಿದ್ದರು. 1912ರ ಫೆಬ್ರವರಿ 12ರಂದು, ಕರ್ತವ್ಯದ ಮೇಲೆ ಪ್ರವಾಸದಲ್ಲಿದ್ದಾಗಲೇ, ಅವರು ನಿಧನ ಹೊಂದಿದರು. ಇಂದು ಕುಷ್ಠವನ್ನು ಹ್ಯಾನ್ಸನ್ ರೋಗವೆಂದೂ ಕರೆಯುತ್ತಾರೆ.

ಹ್ಯಾನ್ಸನ್ನರ ಜೀವಿತಕಾಲದಲ್ಲಿ ನಮ್ಮ ನಾಡಿನಲ್ಲಿಯೂ ಈ ರೋಗಿಗಳಿಗಾಗಿ ಮರುಗಿದವರಿದ್ದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ತೆರೆದರು. ಆದರೆ ಆಗ ಯಾರ ಬಳಿಯೂ ರೋಗವನ್ನು ಗುಣಪಡಿಸುವ ಮದ್ದಿರಲಿಲ್ಲ. ಪರಿಣಾಮಕಾರಿಯಾದ ಔಷಧಿಗಳು ಬಂದುದು 1940ರ ದಶಕದಲ್ಲಿ. ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಇಂದಿನ ಚಿಕಿತ್ಸೆ ಬಳಕೆಗೆ ಬಂದುದು 1980ರ ದಶಕದಲ್ಲಿ. ರೋಗದ ತೀವ್ರತೆಗೆ ಅನುಗುಣವಾಗಿ 6 ಅಥವಾ 12 ತಿಂಗಳು ಗುಳಿಗೆಗಳನ್ನು ತಪ್ಪದೆ ಸೇವಿಸಿದರೆ ರೋಗ ಪೂರ್ತಿ ಗುಣವಾಗುತ್ತದೆ. ಚಿಕಿತ್ಸೆ ಆರಂಭವಾದೊಡನೆ ಅದು ಇತರರಿಗೆ ಅಂಟುವ ಭಯವೂ ನೀಗುತ್ತದೆ. ಆದ್ದರಿಂದ ರೋಗಿಯನ್ನು ಮನೆಯಿಂದ ದೂರವಿಡಬೇಕಾದ ಕಾರಣ ಈಗ ಉಳಿದಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳ ಸುಡುಬಿಸಿಲಿನಲ್ಲಿ ಹತ್ತಿ, ಭತ್ತಗಳ ಹೊಲಗಳಲ್ಲಿ ದುಡಿಯುವವರಿಗೆ ಬೆವರುಸಾಲೆ, ಗಜಕರ್ಣ, ಕಜ್ಜಿಗಳು ಹೊಸತಲ್ಲ. ತುರಿಸುವ ಈ ತೊಂದರೆಗಳು ತಮ್ಮ ಇರವನ್ನು ತಾವೇ ಸಾರುತ್ತವೆ. ಕುಷ್ಠವು ಹಾಗಲ್ಲ. ಮೈಯ ಮೇಲೆ ಮಾಸಲು ಇಲ್ಲವೇ ಕೆಂಪು ಮಚ್ಚೆ ಮೂಡಿ, ಅದು ತುರಿಸದೆ, ನೋಯದೆ, ಮುಟ್ಟಿದರೂ ತಿಳಿಯದೆ ಹೋದರೆ ಅದೇ ಎಚ್ಚರಿಕೆಯ ಗಂಟೆ. ಅಚ್ಚ ಬಿಳುಪಾದ ತೊನ್ನು ಬೇರೆ. ಅಲ್ಲಿ ಸ್ಪರ್ಶ ಉಳಿದಿರುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಇವುಗಳ ಭೇದವನ್ನು ಅರಿಯಬಲ್ಲವರು ವೈದ್ಯರೇ. ಅಂಗಡಿಯಲ್ಲಿ ಕೇಳಿ ತಂದ ಯಾವುದೋ ಮುಲಾಮನ್ನು ಹಚ್ಚಿ ತಿಂಗಳುಗಟ್ಟಲೆ ಕಾಯುವುದರಿಂದ ರೋಗ ಮರೆಯಾಗಿ ಬೆಳೆಯುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕುಷ್ಠದ ತಪಾಸಣೆಯೂ ಔಷಧಿಯೂ ಉಚಿತ.

ನೋವಿಲ್ಲದ ಮಚ್ಚೆಯೆಂದು ಅಲಕ್ಷ್ಯ ಮಾಡಿದವರು ಬೆರಳುಗಳನ್ನು ಕಳೆದುಕೊಂಡರು; ನಾಚಿಕೆಯಿಂದ ಮುಚ್ಚಿಟ್ಟವರು ಬಾಳನ್ನೇ ಕಳೆದುಕೊಂಡರು. ಬರ್ಗನ್ನಿನ ವೈದ್ಯನು ಸೂಕ್ಷ್ಮದರ್ಶಕದಡಿ ಕಂಡ ಆ ಸಣ್ಣ ಕಡ್ಡಿಗಳು ಶಾಪದ ಕಥೆಯನ್ನು ಅಂದೇ ಅಳಿಸಿದವು. ಆ ಅರಿವು ಪ್ರತಿಯೊಂದು ಮನೆಯನ್ನು ಮುಟ್ಟುವಂತೆ ಮಾಡುವ ಹೊಣೆ ಓದುಬರಹ ಬಲ್ಲ ಎಲ್ಲರ ಮೇಲಿದೆ.