ಗಣಿತಾಚಾರ್ಯ ಮಹಾವೀರಾಚಾರ್ಯರು

ಜೈನ ಗಣಿತಜ್ಞರಲ್ಲಿ ಅಗ್ರಗಣ್ಯರಾದ ಮಹಾವೀರಾಚಾರ್ಯರು 9ನೇ ಶತಮಾನದವರು, ದಿಗಂಬರ ಪರಂಪರೆಯವರು. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಜ್ಯವಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಎಂಬ ಗ್ರಂಥ ರಚಿಸಿದರು. ಜಿನೇಂದ್ರರಿಗೆ ನಮಿಸಿ ಆರಂಭವಾಗುವ ಈ ಗ್ರಂಥದಲ್ಲಿ 1100ಕ್ಕೂ ಹೆಚ್ಚು ಶ್ಲೋಕಗಳಿವೆ. ಬಡ್ಡಿ ಲೆಕ್ಕ, ಚಿನ್ನದ ಬೆರಕೆಯ ಲೆಕ್ಕವೂ ಇದೆ. ವ್ಯಾಪಾರಿಗಳಾದ ನಮಗೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ!

ಆದರೆ ಆಚಾರ್ಯರ ಜಾಣ್ಮೆ ಹೆಚ್ಚು ಕಾಣುವುದು ಕ್ಷೇತ್ರಗಣಿತದಲ್ಲಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಮಕ್ಕಳು ಶಾಲೆಯಲ್ಲಿ ಆಕೃತಿಯನ್ನು ಮಗುಚುವುದು, ದೊಡ್ಡದು ಮಾಡುವುದು ಕಲಿಯುತ್ತಾರಲ್ಲ, ಅದೇ ಕೆಲಸ ಅಲ್ಲಿಯೂ ಇದೆ. 3 ಮತ್ತು 4 ಅಳತೆಯ ಆಯತದ ಕರ್ಣ 5. ಅದನ್ನು ಕರ್ಣದ ಮೇಲೆ ಸೀಳಿ, ಒಂದು ತುಂಡನ್ನು ಮಗುಚಿ ಜೋಡಿಸಿದರೆ 5, 5, 6 ಬಾಹುಗಳ ತ್ರಿಭುಜ. ಕ್ಷೇತ್ರಫಲ ಮಾತ್ರ ಅದೇ 12. ಇನ್ನು ಪೈಶಾಚಿಕ ಎಂದು ಕರೆದ ಕಠಿಣ ಲೆಕ್ಕಗಳಲ್ಲಿ ಆಕೃತಿಯನ್ನು ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಬೆಳೆಸುತ್ತಾರೆ. ಬಾಹು 1 ಇರುವ ಚೌಕವನ್ನು 4 ಪಟ್ಟು ಮಾಡಿದರೆ ಸುತ್ತಳತೆಯೂ 16, ಕ್ಷೇತ್ರಫಲವೂ 16.

ಒಂದೇ ದಿಕ್ಕಿಗೆ ಎಳೆದರೆ? ಆಗ ಆಕಾರವೇ ಬದಲಾಗುತ್ತದೆ. ಹಾಗೆ ಎಳೆದ ವೃತ್ತಕ್ಕೆ ಅವರು ಆಯತವೃತ್ತ ಎಂದು ಬೇರೆ ಹೆಸರು, ಬೇರೆ ಸೂತ್ರ ಕೊಟ್ಟರು. ಭಾರತದ ಗಣಿತಜ್ಞರಲ್ಲಿ ಈ ಆಕೃತಿಯನ್ನು ಕೈಗೆತ್ತಿಕೊಂಡವರಲ್ಲಿ ಅವರೇ ಮೊದಲಿಗರು. 12 ವ್ಯಾಸದ ವೃತ್ತವನ್ನು 36 ಉದ್ದಕ್ಕೆ ಎಳೆದು ನೋಡೋಣ. ಅವರ ಸೂತ್ರದಂತೆ ಸುತ್ತಳತೆ ಸುಮಾರು 77.8, ಇಂದಿನ ಲೆಕ್ಕದಲ್ಲಿ 80.2. ಸಾವಿರ ವರ್ಷಕ್ಕೂ ಹಿಂದೆ ಇಷ್ಟು ಹತ್ತಿರ ಬಂದದ್ದು ಸಾಮಾನ್ಯವಲ್ಲ. ಕ್ಷೇತ್ರಫಲದಲ್ಲಿ ಮಾತ್ರ ಸೂತ್ರ ತಪ್ಪಿದೆ. ಸುತ್ತಳತೆಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸುವ ವೃತ್ತದ ನಿಯಮವನ್ನೇ, ಚಿಕ್ಕ ವ್ಯಾಸ ಹಿಡಿದು, ಇಲ್ಲಿಗೂ ತಂದರು. ಬಂದದ್ದು 233, ಇರಬೇಕಾದದ್ದು 339. ಒಂದೇ ದಿಕ್ಕಿಗೆ 3 ಪಟ್ಟು ಎಳೆದಾಗ ಕ್ಷೇತ್ರಫಲ ಸರಿಯಾಗಿ 3 ಪಟ್ಟಾಗುತ್ತದೆ, ಸುತ್ತಳತೆ ಹಾಗೆ ಬೆಳೆಯುವುದಿಲ್ಲ. ಹೆಮ್ಮೆಯ ಭರದಲ್ಲಿ ಇದನ್ನು ಮುಚ್ಚಿಡಬೇಕಾಗಿಲ್ಲ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಅಚ್ಚಾಯಿತು. ಡಾ. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಹೊಂಬುಜ ಜೈನ ಮಠ 2000ದಲ್ಲಿ ಪ್ರಕಟಿಸಿದೆ.